ಸಾಹಸ ಅಂತ ಬರೀಬ್ಯಾಡ್ರಿ

ತಿಪ್ಪೇರುದ್ರಪ್ಪನವರು ಶಾಲು ಬಿಚ್ಚಿ ಎದುರು ನಿಂತರು. ಸೂರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಬ್ಯಾಡ್ರಿ.”

ಗಿರಣಿಯ ಆಫೀಸಿನಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ತಿಪ್ಪೇರುದ್ರಪ್ಪನವರು ದಾವಣಗೆರೆಯ ಆ ಹತ್ತಿ ಗಿರಣಿಯ ಮ್ಯಾನೇಜರು. ಅವರ ಮುಖಕ್ಕೆ ಬೇಡ ಅನ್ನುವವರು ಅಲ್ಲಿ ಇರಲಿಲ್ಲ. ಮೇಜಿನ ಆಚೆ ಬೆಂಗಳೂರಿನಿಂದ ಬಂದ ಬಾಯ್ಲರ್ ಇನ್ಸ್‌ಪೆಕ್ಟರು ಕೂತಿದ್ದರು, ಪಕ್ಕದಲ್ಲಿ ಪತ್ರಿಕೆಯವನೊಬ್ಬ. ಹತ್ತಿಯಿಂದ ಬೀಜ ಬಿಡಿಸುವ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತು ಇಣುಕುತ್ತಿದ್ದರು.

“ನಾಚ್ಕೊಬ್ಯಾಡ ಸೂರಪ್ಪ. ಅರವತ್ತು ಜೀವ ಉಳಿಸಿದಿ.”

“ಉಳಿಸಿದ್ದು ಹೌದು. ಶಾಲು ಯಾಕ?”

ಹಿಂದಿನ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಯ್ಲರಿಗೆ ನೀರು ತುಂಬುವ ಪಂಪು ನಿಂತುಹೋಗಿತ್ತು. ನೀರು ಇಳಿಯುತ್ತ ಇಳಿಯುತ್ತ ಅಳತೆಯ ಗಾಜಿನಲ್ಲಿ ಕಾಣದಾಯಿತು. ಕೆಳಗೆ ಬೆಂಕಿ ಹಾಗೇ ಉರಿಯುತ್ತಿತ್ತು. ಕಲ್ಲಿದ್ದಲು ಹಾಕುವ ಆಳು ಗಾಜು ನೋಡಿದವನೇ ಓಡಿದ. ಗೋಡೆಯ ಆಚೆ ಅರವತ್ತು ಹೆಂಗಸರು ಕೆಲಸ ಮಾಡುತ್ತಿದ್ದರು. ಯಂತ್ರಗಳ ಸದ್ದಿನಲ್ಲಿ ಅವರಿಗೆ ಏನೂ ತಿಳಿದಿರಲಿಲ್ಲ.

ಸೂರಪ್ಪ ಒಳಗೆ ಬಂದಾಗ ಒಲೆಯ ಮೇಲಿನ ತಗಡು ಕೆಂಪಗಾಗಿತ್ತು. ಅಂಥ ಹೊತ್ತಿನಲ್ಲಿ ತಣ್ಣೀರು ಬಿಟ್ಟರೆ ಬಾಯ್ಲರು ಸಿಡಿಯುತ್ತದೆ. ಹೆದರಿದವನು ಮೊದಲು ಮಾಡುವುದೂ ಅದನ್ನೇ. ಅವನು ನೀರಿನ ಕಡೆ ತಿರುಗಿಯೂ ನೋಡಲಿಲ್ಲ. ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು ಉರಿಯುವ ಕೆಂಡವನ್ನೆಲ್ಲ ನೆಲಕ್ಕೆ ಎಳೆದು ಹಾಕಿದ. ಉಟ್ಟಿದ್ದ ಬಿಳಿ ಧೋತರಕ್ಕೆ ಬೆಂಕಿ ಹತ್ತಿತು. ಅದನ್ನು ಕಿತ್ತೆಸೆದು ಮತ್ತೆ ಎಳೆದ. ಒಲೆ ಖಾಲಿಯಾದ ಮೇಲೆ ಹೊರಗೆ ಬಂದು ಕುಸಿದ. ಎರಡೂ ಕೈಗಳಿಗೆ ಇವತ್ತಿಗೂ ಬಟ್ಟೆ ಸುತ್ತಿತ್ತು.

ಮ್ಯಾನೇಜರು ಟೈಪು ಮಾಡಿಸಿದ್ದ ಹಾಳೆ ಎತ್ತಿ ಓದಿದರು. “ಗಿರಣಿಯ ಮೇಲಿನ ಅಭಿಮಾನದಿಂದ, ಪ್ರಾಣದ ಹಂಗು ತೊರೆದು ಬೆಂಕಿಗೆ ನುಗ್ಗಿದ ಸಾಹಸಿ ಸೂರಪ್ಪ... ಇದಕ್ಕೊಂದು ಸಹಿ ಹಾಕು. ಸಾಹೇಬರು ತಗೊಂಡು ಹೋಗ್ತಾರೆ.”

“ಸಾಹಸ ಅಂತ ಬರೀಬ್ಯಾಡ್ರಿ. ಕೆಲಸ ಅಂತ ಬರೀರಿ.”

ಪತ್ರಿಕೆಯವನು ನಕ್ಕ. “ಏನ್ರಿ ವ್ಯತ್ಯಾಸ?”

“ಸಾಹಸ ಮಾಡ್ದೋನಿಗೆ ಶಾಲು ಹೊದ್ಸಿ ಮನೀಗೆ ಕಳಿಸ್ತಾರೆ. ಕೆಲಸ ಮಾಡ್ದೋನು ಮಾರನೇ ದಿನ ಮತ್ತೆ ಬರ್ತಾನೆ.”

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಹಜೀರಾಬೀ ಎಂಬವಳನ್ನು ಕರೆದು ಅವತ್ತು ಏನು ನೋಡಿದೆಯಮ್ಮ ಎಂದು ಕೇಳಿದರು.

“ಹೊರಗಿಂದ ಓಡಿ ಬಂದ್ರು ಸಾಹೇಬ್ರೆ. ನೀರು ಕುಡಿಯೋಕೆ ಅಂತ ಅಂಗಳಕ್ಕೆ ಬಂದಿದ್ದೆ, ಕಣ್ಣಾರೆ ನೋಡ್ದೆ.” ಹಜೀರಾಬೀ ತಡೆದು ಸೇರಿಸಿದಳು. “ಬಾಯ್ಲರ್ ಹತ್ರ ಇಷ್ಟು ವರ್ಷ ಇವ್ರನ್ನ ಬಿಟ್ಟು ಬೇರೆಯೋರನ್ನ ನಾವು ಕಂಡಿಲ್ಲ.”

ಇನ್ಸ್‌ಪೆಕ್ಟರು ಸೂರಪ್ಪನ ಕಡೆ ತಿರುಗಿದರು. “ಎಲ್ಲಿಗೆ ಹೋಗಿದ್ರಿ?”

“ಹರಿಹರಕ್ಕೆ. ಬಸ್ಸಿಳಿದು ಗೇಟಿನ ಮುಂದೆ ಹೊಂಟಿದ್ದೆ. ಕಲ್ಲಿದ್ದಲಿನೋನು ಎದುರಿಗೆ ಓಡಿ ಬಂದ. ಅವನ ಮುಖ ನೋಡೇ ತಿಳೀತು.”

“ಬೆಳಗಿನ ಪಾಳಿ ನಿಮ್ಮದೇ?”

“ಹದಿನೆಂಟು ವರ್ಷದಿಂದ ನಂದೇ ರೀ.”

“ಪಾಳಿಯ ಹೊತ್ತಿನಲ್ಲಿ ಹರಿಹರದಲ್ಲಿ ಇದ್ರಿ.” ಇನ್ಸ್‌ಪೆಕ್ಟರ ದನಿ ಗಟ್ಟಿಯಾಯಿತು. “ಕೆಲಸ ಅಂತ ಬರೆದರೆ ಆ ತಪ್ಪೂ ನಿಮ್ಮ ಹೆಸರಿಗೆ ಬರುತ್ತೆ. ಸಾಹಸ ಅಂತ ಬರೆದರೆ ನಾನು ಅದನ್ನ ಕೆದಕೋದಿಲ್ಲ. ಯೋಚನೆ ಮಾಡಿ.”

ತಿಪ್ಪೇರುದ್ರಪ್ಪನವರ ಮುಖ ಸಡಿಲಾಯಿತು. “ಸಾಹೇಬರು ನಿನ್ನ ಒಳ್ಳೇದಕ್ಕೇ ಹೇಳ್ತಿದಾರೆ. ಸುಮ್ನೆ ಹೊದ್ಕೋಳಪ್ಪ.”

ಸೂರಪ್ಪ ಮ್ಯಾನೇಜರನ್ನೇ ನೋಡಿದ. ಕಣ್ಣು ತೆಗೆಯಲಿಲ್ಲ.

“ತಪ್ಪು ಬರ್ಕೊಳ್ರಿ ಸಾಹೇಬ್ರೆ. ದಂಡ ಹಾಕ್ರಿ, ಕಟ್ತೀನಿ. ಆದ್ರೆ ಅವತ್ತು ಆ ಬಾಯ್ಲರು ಯಾರ ಕೈಯಾಗಿತ್ತು ಅಂತ ಇವರ ಬಾಯಿಂದಾನೇ ಒಂದು ಸಲ ಕೇಳ್ರಿ.”

ಇನ್ಸ್‌ಪೆಕ್ಟರು ಕೇಳಿದರು. ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಅಂಗಳದ ತುಂಬ ಹತ್ತಿ ಗಾಡಿಗಳು ನಿಂತಿದ್ದವು. ಇನ್ನೂ ಬರುತ್ತಿದ್ದವು. ಚಿಮಣಿಯಲ್ಲಿ ವಾರದಿಂದ ಹೊಗೆಯಿಲ್ಲ.

“ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಇರುವವರು ಬೇರೆ ಯಾರಾದರೂ ಇದ್ದರಾ? ಇದ್ದರೆ ಕರೆಸಿ. ಹೊಣೆಗಾರ ಇಲ್ಲದೆ ಬಾಯ್ಲರ್ ಹೊತ್ತಿಸಿದ್ದರೆ ಇವತ್ತೇ ಬೀಗ ಹಾಕಿ ಹೋಗ್ತೀನಿ.”

ಶಾಲು ಮ್ಯಾನೇಜರ ಕೈಯಿಂದ ಕುರ್ಚಿಯ ಮೇಲೆ ಜಾರಿತು.

“ಸೂರಪ್ಪಂದೇ ಹೊಣೆ.”

“ಅವತ್ತು ಕೆಲಸದ ಮೇಲೆ ಇದ್ದದ್ದು ಇವರೇ?”

“ಇವನೇ.”

ಇನ್ಸ್‌ಪೆಕ್ಟರು ಬೇರೊಂದು ಹಾಳೆಯಲ್ಲಿ ಕೆಲಸ ಎಂದೇ ಬರೆದರು. ತಡವಾಗಿ ಬಂದದ್ದಕ್ಕೆ ಎಚ್ಚರಿಕೆ ಎಂದೂ ಒಂದು ಸಾಲು ಸೇರಿಸಿದರು. ಹಾಳೆಯನ್ನು ಮೊದಲು ಮ್ಯಾನೇಜರ ಮುಂದೆ ತಳ್ಳಿದರು. ಅವರು ಸಹಿ ಹಾಕಿದರು. ಸೂರಪ್ಪ ಬಟ್ಟೆ ಸುತ್ತಿದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ತನ್ನ ಹೆಸರನ್ನು ಪೂರ್ತಿ ಬರೆದ. ಬಾಗಿಲಲ್ಲಿ ಹಜೀರಾಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣುಗಳು ನಗುತ್ತಿದ್ದವು.

ಹೊರಗೆ ಬೇವಿನ ನೆರಳಲ್ಲಿ ಅವನ ಹೆಂಡತಿ ಓಬಕ್ಕ ಕಾಯುತ್ತಿದ್ದಳು.

“ಏನಂದ್ರು?”

“ನಾಳಿಂದ ಬುತ್ತಿ ಕಟ್ಟು.”

ಪಂಪು ರಿಪೇರಿ ಮಾಡಿಸದೆ ಬಾಯ್ಲರ್ ಹೊತ್ತಿಸುವುದಿಲ್ಲ ಎಂದಿದ್ದಕ್ಕೆ, ಆ ಮಂಗಳವಾರಕ್ಕೆ ನಾಲ್ಕು ದಿನ ಮೊದಲೇ ತಿಪ್ಪೇರುದ್ರಪ್ಪನವರು ಸೂರಪ್ಪನನ್ನು ಕೆಲಸದಿಂದ ತೆಗೆದುಹಾಕಿದ್ದರು.