ಸೀಟಿ ಕೈ ಬದಲಾದಾಗ

ಸೊಸೆ ಸೀಟಿಯನ್ನು ತುಟಿಗಿಟ್ಟು ಊದಿದ್ದೇ ತಡ, ಅತ್ತೆ ತಲೆಯ ಮೇಲಿದ್ದ ಸೌದೆ ಹೊರೆಯನ್ನು ದೊಪ್ಪನೆ ಎಸೆದು ಪೊದೆಯತ್ತ ಓಟ ಕಿತ್ತಳು. ಫಾರೆಸ್ಟ್ ಗಾರ್ಡ್‌ನ ಸೀಟಿ ಕೇಳಿದರೆ ಓಡುವುದು, ಮದುವೆಯಾಗಿ ಬಂದಾಗಿನಿಂದ ಅವಳ ಕಾಲುಗಳಿಗೆ ರೂಢಿ.

"ಅತ್ತೇ, ನಿಲ್ಲಿ! ಗಾರ್ಡ್ ಅಲ್ಲ, ನಾನು! ಇವತ್ತಿಂದ ಕಾಡು ನೋಡ್ಕೊಳ್ಳೋದು ನಮ್ಮೂರಿನ ಸಮಿತಿ. ಕಾವಲು ನಂದು, ಒಣ ಸೌದೆ ತರೋಕೆ ಇನ್ನು ಅಡ್ಡಿಯಿಲ್ಲ. ಗಾರ್ಡೇ ತಮ್ಮ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದ್ರು!"

ಪೊದೆಯಿಂದ ಮೊದಲು ಬೈಗುಳ ಹೊರಬಂತು, ಆಮೇಲೆ ಮುಖ. "ಹಾಳಾದೋಳೇ, ಜೀವ ಬಾಯಿಗೆ ಬಂತಲ್ಲೇ!" ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅತ್ತೆ ಚೆಲ್ಲಾಡಿದ ಕಡ್ಡಿಗಳನ್ನೆಲ್ಲ ಆರಿಸಿ ಮತ್ತೆ ಹೊರೆ ಕಟ್ಟಿದಳು. ಅದನ್ನು ತಲೆಗೇರಿಸಿಕೊಂಡು ದಾರಿಯ ನಟ್ಟನಡುವೆ ಕಾಲೂರಿ ನಿಂತಳು.

"ಇನ್ನೊಂದ್ಸಲ ಊದೇ," ಎಂದಳು. "ಜೋರಾಗಿ ಊದು. ನಿಂತು ಕೇಳಿದ್ರೆ ಹೇಗಿರುತ್ತೆ ನೋಡೋಣ."