ಗೇಟಿನ ತನಕ ಬಂದ ಬಸವನಹುಳುಗಳು

ಬಸವನಹುಳುಗಳಿಗೆ ಮಾತು ಬಂದ ಮೇಲೆ ಅರಸೀಕೆರೆಯಲ್ಲಿ ಹಿತ್ತಲಿಗೆ ಉಪ್ಪು ಚೆಲ್ಲುವವರೇ ಇಲ್ಲವಾದರು. ಬಾಯ್ತುಂಬ ‘ಅಕ್ಕ’ ಎನ್ನುವವರ ಮೈಮೇಲೆ ಯಾರು ತಾನೇ ಉಪ್ಪು ಹಾಕಿಯಾರು? ವನಜಾಕ್ಷಮ್ಮನೂ ಹಾಕಲಿಲ್ಲ. ತಮ್ಮ ಬಸಳೆ ಚಪ್ಪರ ಜರಡಿಯಾಗುವುದನ್ನು ನೋಡಿಕೊಂಡೇ ಮೂರು ವಾರ ಮಾತುಕತೆ ನಡೆಸಿ, ಹುಳುಗಳೆಲ್ಲ ಪಕ್ಕದ ಖಾಲಿ ಸೈಟಿಗೆ ಹೋಗುವಂತೆ ಒಪ್ಪಿಸಿದರು.

ಕೊನೆಗೂ ಆ ದಿನ ಬಂತು. ಬೆಳಕು ಹರಿಯುವಾಗ ಹೊರಟ ಅರವತ್ತು ಹುಳುಗಳು, ಮೋಡ ಮುಚ್ಚಿದ್ದರಿಂದ ಎಲ್ಲೂ ನಿಲ್ಲದೆ, ಮಧ್ಯಾಹ್ನ ಒಂದಕ್ಕೆ ಗೇಟು ಮುಟ್ಟಿದವು. ವನಜಾಕ್ಷಮ್ಮ ತಾವೇ ಬಂದು ಗೇಟು ತೆಗೆದರು. ಒಳಗೆ ಕುಕ್ಕರ್ ಮೂರನೆಯ ಸಲ ಕೂಗಿತು.

“ಬರ್ತೀವಿ ಅಕ್ಕ,” ಎಂದಿತು ಮುಂದಿದ್ದ ಹಿರಿಯ ಹುಳು, ಕೊಂಬು ಬಾಗಿಸಿ. “ನಿಮಗೆ ತುಂಬ ತೊಂದರೆ ಕೊಟ್ವಿ.”

“ಅಯ್ಯೋ, ತೊಂದರೆ ಏನು ಬಂತು. ಊಟದ ಹೊತ್ತಲ್ಲಿ ಹಾಗೇ ಹೋಗ್ತಾರಾ ಯಾರಾದ್ರೂ? ಊಟ ಮಾಡ್ಕೊಂಡೇ ಹೋಗಿ.”

ಮನೆಗೆ ಬಂದವರಿಗೆಲ್ಲ ನಲವತ್ತು ವರ್ಷ ಹೇಳಿ ಹೇಳಿ ರೂಢಿಯಾದ ಮಾತು. ಆಡಿದ ಮೇಲೆ ವನಜಾಕ್ಷಮ್ಮ ನಾಲಿಗೆ ಕಚ್ಚಿಕೊಂಡರು. ಆದರೆ ಊಟಕ್ಕೆ ಕರೆದು ಆಮೇಲೆ ಬೇಡ ಎನ್ನುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ.

ಹಿರಿಯ ಹುಳು ಹಿಂದಿದ್ದವರನ್ನು ಒಮ್ಮೆ ನೋಡಿತು. “ನೀವು ಇಷ್ಟು ಹೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ,” ಎಂದಿತು. ಅರವತ್ತೂ ನಿಧಾನವಾಗಿ ಬಸಳೆ ಚಪ್ಪರದ ಕಡೆ ತಿರುಗಿದವು.

“ಬೇಗ ಮುಗಿಸಿ ಹೊರಡಿ ಮತ್ತೆ,” ಎಂದರು ವನಜಾಕ್ಷಮ್ಮ, ಸೋತ ದನಿಯಲ್ಲಿ.

“ಅವಸರ ಮಾಡ್ಬೇಡಿ ಅಕ್ಕ. ನಾವು ಚಪ್ಪರ ಮುಟ್ಟೋಷ್ಟರಲ್ಲಿ ರಾತ್ರಿ ಊಟದ ಹೊತ್ತೇ ಆಗಿರುತ್ತೆ.”