ದಿಂಬಿನಡಿಯ ಮಾತ್ರೆ

ಹೆಂಡತಿಯ ಮೇಲೆ ಎಂದೂ ದನಿ ಏರಿಸುವುದಿಲ್ಲವೆಂದು ಮದುವೆಯ ಹೊಸತರಲ್ಲಿ ಮೇಷ್ಟ್ರು ಮಾತು ಕೊಟ್ಟಿದ್ದರು. ಮೂವತ್ತು ವರ್ಷ ಅವರ ಕೂಗಾಟವೆಲ್ಲ ಶಾಲೆಗೇ ಮೀಸಲಾಗಿತ್ತು.

ಇವತ್ತು, ತಿಂಗಳು ತಿಂಗಳು ಏರಿಸುವ ರಕ್ತದ ಎರಡನೇ ಚೀಲ ಅರ್ಧಕ್ಕಿಳಿಯುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ದಿಂಬು ಎತ್ತರಿಸಲು ಹೋದ ಮೇಷ್ಟ್ರ ಕೈಗೆ ಕರವಸ್ತ್ರದ ಗಂಟು ಸಿಕ್ಕಿತು. ಒಳಗೆ, ರಕ್ತ ಏರಿಸುವಾಗ ಮೈಯಲ್ಲಿ ನೀರು ಹೆಚ್ಚಿ ಉಸಿರು ಕಟ್ಟದಿರಲೆಂದು ನರ್ಸ್ ಬೆಳಿಗ್ಗೆ ಕೊಟ್ಟಿದ್ದ ಮಾತ್ರೆ.

"ನುಂಗಿದೆ ಅಂದ್ಯಲ್ಲೇ?"

"ನುಂಗಿದ್ರೆ ಮೀನಖಂಡ ಹಿಡ್ಕೊಳ್ಳುತ್ತೆ ರೀ. ನಾಳೆ ಹೊಲಿಗೆ ಮಷೀನು ನೀವು ತುಳೀತೀರಾ?"

"ಹಾಗಂತ ಡಾಕ್ಟರಿಗೆ ಹೇಳೋಕೆ ಬಾಯಿಲ್ವಾ? ಉಸಿರು ನಿಂತ್ಮೇಲೆ ಹೇಳ್ತೀಯಾ?" ಇಡೀ ವಾರ್ಡು ತಿರುಗಿ ನೋಡುವಂತೆ ಮೇಷ್ಟ್ರು ಕೂಗಿದರು.

ನರ್ಸ್ ಓಡಿಬಂದು ರಕ್ತ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟಳು. ಉಸಿರು ಹದಕ್ಕೆ ಬಂದಮೇಲೆ, "ಸಿಸ್ಟರ್, ಆ ಮಾತ್ರೆ ತಗೊಂಡ್ರೆ ನಂಗೆ ಕಾಲು ಹಿಡ್ಕೊಳ್ಳುತ್ತೆ" ಎಂದು ಅವಳು ಮೊದಲ ಸಲ ಬಾಯಿಬಿಟ್ಟಳು.

ಮೇಷ್ಟ್ರು ಕೊಟ್ಟ ಮಾತು ಮುರಿದಿತ್ತು.